ಗಾಳಿ ಅಕ್ಕ

ನಮ್ಮ ಸರ್ಜರಿ ವಾರ್ಡಿನಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ‘ಗಾಳಿ ಅಕ್ಕ’ ಎನ್ನುತ್ತಿದ್ದರು. ಹೊಟ್ಟೆಯ ಆಪರೇಷನ್ ಆದವರ ಕರುಳು ಎರಡು ಮೂರು ದಿನ ಮಲಗಿಬಿಡುತ್ತದೆ. ಅದು ಎದ್ದಿದೆ ಎನ್ನುವುದಕ್ಕೆ ಕೆಳಗಿನಿಂದ ಹೋಗುವ ಗಾಳಿಯೇ ಸಾಕ್ಷಿ. ಏಳುವ ಮುಂಚೆ ಕುಡಿಸಿದರೆ ಕುಡಿದದ್ದೆಲ್ಲ ಬಾಯಿಂದಲೇ ವಾಪಸು. ಹಾಗಾಗಿ ಇಪ್ಪತ್ತೆರಡು ವರ್ಷ ಅಕ್ಕ ಪ್ರತಿ ಮಂಚದ ಹತ್ತಿರ ಹೋಗಿ ಅದನ್ನೇ ಕೇಳಿದಳು, ಎಂಥ ದೊಡ್ಡವರನ್ನೂ ಬಿಡಲಿಲ್ಲ. ನಾನು ಅವಳ ಜೊತೆ ಎಂಟು ವರ್ಷ ದುಡಿದ ನರ್ಸು. ಅವಳಿಗಾದದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಬ್ಬರು ಹೆಡ್ ಮೇಷ್ಟ್ರು, ಕರುಳಿನ ಆಪರೇಷನ್ ಆಗಿ ಮೂರನೇ ದಿನ. ನಿವೃತ್ತರಾಗಿದ್ದರೂ ವಾರ್ಡನ್ನೇ ತರಗತಿ ಮಾಡಿಕೊಂಡಿದ್ದರು. ಪಕ್ಕದಲ್ಲಿ ಸೊಸೆ ನಿಂತಿದ್ದಳು.

“ಮೇಷ್ಟ್ರೇ, ಗಾಳಿ ಹೋಯ್ತಾ?” ಅಕ್ಕ ಕೇಳಿದಳು.

ಅವರು ತಲೆಯ ಮೇಲಿನ ಫ್ಯಾನ್ ನೋಡಿದರು. “ಚೆನ್ನಾಗೇ ಬರ್ತಿದೆಯಮ್ಮ.”

“ಫ್ಯಾನಿಂದಲ್ಲ, ನಿಮ್ಮದು. ಹಿಂದಿನಿಂದ.”

ಎದುರು ಮಂಚದವನು ಹೊಲಿಗೆ ಹಿಡಿದುಕೊಂಡು ನಕ್ಕ. ಸೊಸೆ ಕಿಟಕಿಯ ಕಡೆ ತಿರುಗಿದಳು. “ಹೋಯ್ತು, ಹೋಯ್ತು,” ಎಂದು ಮೇಷ್ಟ್ರು ಮಾತು ಮುಗಿಸಿದರು.

ಅಕ್ಕ ಹೊಟ್ಟೆ ಮುಟ್ಟಿದಳು, ಉಬ್ಬಿ ಬಿಗಿದಿತ್ತು. ಸ್ಟೆತಾಸ್ಕೋಪ್ ಇಟ್ಟರೆ ಗುಡುಗುಡು ಸದ್ದೂ ಇಲ್ಲ. “ಸುಳ್ಳು ಹೇಳ್ಬೇಡಿ ಮೇಷ್ಟ್ರೇ,” ಎಂದಳು. ಸುಳ್ಳು ಹೇಳಿದ ಮಕ್ಕಳನ್ನು ಜೀವಮಾನವಿಡೀ ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ! ಮುಖ ಕೆಂಪಾಯಿತು. ಮಗ ಬಂದವನೇ ದೂರು ಬರೆದ: ಹೆಂಗಸರ ಎದುರು ಅಸಭ್ಯ ಮಾತು, ಹಿರಿಯರಿಗೆ ಅವಮಾನ. ಮೇಷ್ಟ್ರು ಸಹಿ ಹಾಕಿದರು.

ಇತ್ತ ಡಾಕ್ಟರಿಗೆ ಅವಸರ. ಅಕ್ಕ ಎಷ್ಟು ಹೇಳಿದರೂ, “ಅವರೇ ಹೋಯ್ತು ಅಂತಿದ್ದಾರಲ್ಲ ಸಿಸ್ಟರ್, ಹೊಟ್ಟೆ ಅವರದಾ ನಿಮ್ಮದಾ?” ಎಂದು ಹಣ್ಣಿನ ರಸ ಕೊಡಲು ಬರೆದು ಹೋದರು. ಮೇಷ್ಟ್ರು ಗಟಗಟ ಎರಡು ಲೋಟ ಕುಡಿದರು.

ಸಂಜೆಗೆ ವಾಂತಿ. ಅದು ಉಸಿರಿನ ದಾರಿಗೆ ಇಳಿಯದ ಹಾಗೆ ಅವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಚೊಕ್ಕ ಮಾಡಿ, ಮೂಗಿನಿಂದ ನಳಿಕೆ ಇಳಿಸಿದ್ದು ಅಕ್ಕನೇ. ಲೀಟರಿನಷ್ಟು ಹಸಿರು ನೀರು ಹೊರಬಂತು. ಇನ್ನೂ ಎರಡು ದಿನ ಅವರ ತುಟಿಗೆ ಒದ್ದೆ ಹತ್ತಿ ಒತ್ತುತ್ತಾ ಕೂತಳು. ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ.

ಮೇಷ್ಟ್ರು ಬದುಕಿಕೊಂಡರು. ದೂರೂ ಬದುಕಿತ್ತು. ನರ್ಸಿಂಗ್ ಸೂಪರಿಂಟೆಂಡೆಂಟ್ ಕಡ್ಡಿ ಮುರಿದ ಹಾಗೆ ಹೇಳಿದರು: “ದೂರು ಯಾಕೆ ವಾಪಸ್ ತಗೋತಿದೀನಿ ಅಂತ ಅವರ ಕೈಲೇ ಬರೆಸ್ಕೊಂಡು ಬಾ. ಇಲ್ಲಾಂದ್ರೆ ನಿನ್ನನ್ನ ವಾರ್ಡಿಂದ ತೆಗೆದು ಬಟ್ಟೆ ಕೋಣೆಗೆ ಹಾಕ್ತೀನಿ, ಹಾಸಿಗೆ ಬಟ್ಟೆ ಎಣಿಸ್ತಾ ಕೂತಿರು.” ವಾರ್ಡು ಬಿಟ್ಟರೆ ಬೇರೆ ಪ್ರಪಂಚ ಇಲ್ಲದವಳಿಗೆ ಅದು ಮರಣಶಾಸನ.

ಮನೆಗೆ ಹೊರಡುವ ದಿನ ಮೇಷ್ಟ್ರು ಸಂತೋಷವಾಗಿಯೇ ಹಾಳೆ ತೆಗೆದುಕೊಂಡರು. ‘ಮಾನ್ಯರೇ’ ಎಂದು ಬರೆದು ಪೆನ್ನು ನಿಲ್ಲಿಸಿದರು.

“ಆ ಮಾತು ಹೇಗಮ್ಮ ಬರೆಯೋದು?”

“ಕರುಳಿನ ವಾಯು ಅಂತ ಬರೀರಿ.”

“ಛೇ ಛೇ.”

“ಹೋಗ್ಲಿ, ನಾನೇ ಸುಳ್ಳು ಹೇಳಿದ್ದೆ ಅಂತಾದ್ರೂ ಬರೀರಿ, ಮೇಷ್ಟ್ರೇ.” ಅಕ್ಕ ಹಾಳೆಯನ್ನು ಅವರ ಹತ್ತಿರಕ್ಕೆ ಸರಿಸಿದಳು. “ಕೈ ಮುಗೀತೀನಿ.”

ಮೇಷ್ಟ್ರು ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದರು: ‘ಕಾರಣಾಂತರಗಳಿಂದ ಈ ದೂರನ್ನು ಹಿಂಪಡೆಯುತ್ತಿದ್ದೇನೆ.’ ಹಾಳೆ ಕೊಟ್ಟು, “ನೂರು ವರ್ಷ ಬಾಳು ತಾಯಿ,” ಎಂದು ಹರಸಿದರು.

“ಕಾರಣ ಹೇಳ್ತಿಲ್ಲ ಅಂದ್ರೆ ಏನೋ ಇದೆ ಅಂತಲೇ. ಬೆಂಕಿ ಇಲ್ದೆ ಹೊಗೆ ಆಡುತ್ತಾ?” ಎಂದರು ಸೂಪರಿಂಟೆಂಡೆಂಟ್. ಸೋಮವಾರ ಅಕ್ಕ ಬಟ್ಟೆ ಕೋಣೆಗೆ ಹೋದಳು. ಅವಳ ಫೈಲಿನಲ್ಲಿ ಆ ಒಂದು ಸಾಲು ಕೂತಿದೆ. ಓದಿದವರೆಲ್ಲ ಅವಳು ಮೇಷ್ಟ್ರಿಗೆ ಏನು ಮಾಡಿರಬಹುದು ಎಂದು ಮುಸಿಮುಸಿ ನಗುತ್ತಾರೆ.