ಕಣದಿಂದ ಕಂಡ ಹಡಗು

ದೆವ್ವ, ಶಕುನ, ಕನಸಿನ ಫಲ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದಿದ ಮೇಲಂತೂ, ಯಾರಾದರೂ ಇಂಥ ಕಥೆ ತೆಗೆದರೆ ನಡುವೆಯೇ ಬಾಯಿ ಹಾಕಿ ಕಾರಣ ವಿವರಿಸುವ ಚಾಳಿ ಹತ್ತಿತ್ತು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಓದುವವರು ನಂಬಲೇಬೇಕೆಂದಿಲ್ಲ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷ, ಸುಗ್ಗಿಯ ಕಾಲ. ನನ್ನ ಅಕ್ಕನನ್ನು ಬಂಗಾರಪೇಟೆಗೂ ಉರಿಗಾಂಗೂ ನಡುವಿನ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವ ಅಲ್ಲೇ ಹತ್ತಿರದ ನಂದಿದುರ್ಗವೆಂಬ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು, ಯುದ್ಧ ಶುರುವಾದಾಗ ಸೈನ್ಯ ಸೇರಿದರು. ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ಮೇಲೆ ಅವರ ಸುದ್ದಿಯೇ ಇಲ್ಲ. ಕಾದು ಕಾದು ಅಕ್ಕನ ಮಾವ, ಮಗ ಸತ್ತನೆಂದೇ ಒಪ್ಪಿಕೊಂಡಿದ್ದರು. ಯುಗಾದಿಯೊಳಗೆ ತಿಥಿ ಮಾಡದಿದ್ದರೆ ಅವನ ಜೀವ ಅಲೆಯುತ್ತದೆ ಎಂಬುದು ಅವರ ಸಂಕಟ. ತಿಥಿಯೆಂದರೆ ಅಕ್ಕನ ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು. ಅವಳು ಒಪ್ಪಿರಲಿಲ್ಲ. ಓದಿದ ತಮ್ಮ ಹೇಳಿದರೆ ಕೇಳಿಯಾಳೆಂದು ನನ್ನನ್ನು ಕರೆಸಿದ್ದರು. ಭಾವ ಬದುಕಿಲ್ಲವೆಂದೇ ನಾನೂ ತಿಳಿದಿದ್ದೆ.

ಹೊತ್ತು ಇಳಿಯುತ್ತಿತ್ತು. ಅಕ್ಕ ಕಣದಲ್ಲಿ ರಾಗಿ ತೂರುತ್ತಿದ್ದಳು. ನನ್ನನ್ನು ನೋಡಿದವಳೇ, “ಯಾಕ್ ಬಂದಿದ್ದೀಯ ಅಂತ ಗೊತ್ತು ಬಿಡು. ಅಷ್ಟೆಲ್ಲ ಓದಿ ಕಲ್ತಿದ್ದು ಇದೇ ಏನ್ಲಾ, ಅಕ್ಕನ ಬಳೆ ಒಡೆಸೋದು?” ಎಂದಳು.

ನಾನು ಆಚೆ ನೋಡಿದೆ. ಆ ಕಣದಿಂದ ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ಗುಡ್ಡ ಕಾಣುತ್ತದೆ. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದು ಸುರಿದು ಬೆಳೆದ ಬೂದು ಗುಡ್ಡ. ಅದರ ಬುಡದಲ್ಲಿ ನೀರು ಹೊಳೆಯಿತು. ಬಿಸಿಲ್ಗುದುರೆ ಎಂದುಕೊಂಡೆ. ಆಮೇಲೆ ಅದು ಗುಡ್ಡವಾಗಿ ಉಳಿಯಲಿಲ್ಲ, ಹಡಗಾಯಿತು. ಮುಂಭಾಗದಲ್ಲಿ ಜೋಡಿ ಜೋಡಿ ಫಿರಂಗಿ, ನಡುವೆ ಗೋಪುರದಂಥದೊಂದು ಎತ್ತರ, ಅದರ ಹಿಂದೆ ಸಾರಿಸಿದ ಕಣದಂತೆ ಬರೀ ಚಪ್ಪಟೆ. ಅಲ್ಲಿ ಕೆಲವರು ಪೀಪಾಯಿ ಉರುಳಿಸುತ್ತಿದ್ದರು. ಅವರಲ್ಲೊಬ್ಬ ನಿಂತು, ತಲೆಯ ಟವಲು ಬಿಚ್ಚಿ ಕೊಡವಿ, ಮತ್ತೆ ಸುತ್ತಿಕೊಂಡು, ತುದಿಯನ್ನು ಕಿವಿಯ ಮೇಲೆ ಇಳಿಬಿಟ್ಟ.

“ಛೆ, ಇಂಥ ಹಡಗು ಲೋಕದಲ್ಲೇ ಇಲ್ಲ,” ಎಂದೆ, ಗಟ್ಟಿಯಾಗಿಯೇ.

“ಯಾವ ಅಡಗು?”

ಕಂಡದ್ದನ್ನು ಹೇಳಿದೆ. ಫಿರಂಗಿಯ ಹಡಗೇ ಬೇರೆ, ವಿಮಾನ ಹಾರಿಸುವ ಹಡಗೇ ಬೇರೆ, ಇದು ಎರಡನ್ನೂ ಕತ್ತರಿಸಿ ಅಂಟಿಸಿದ ಹಾಗಿದೆ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಗುಡ್ಡ ಗುಡ್ಡವಾಗಿತ್ತು. ಕಾದ ಗಾಳಿ ಬೆಳಕನ್ನು ಬಗ್ಗಿಸುತ್ತದೆ, ಅಷ್ಟೇ ಎಂದು ಸೇರಿಸಿದೆ. ಅಕ್ಕ ಮೊರ ಕೆಳಗಿಟ್ಟಿದ್ದಳು.

“ಟವಲಿನ ತುದಿ ಯಾವ ಕಿವಿ ಮೇಲಿತ್ತು?”

“ಎಡಗಿವಿ.”

ಭಾವ ಟವಲು ಸುತ್ತುತ್ತಿದ್ದುದೂ ಹಾಗೆಯೇ. ಅಕ್ಕ ನೆಟ್ಟಗೆ ಮನೆಗೆ ಹೋಗಿ ಮಾವನ ಮುಂದೆ ನಿಂತಳು. “ಅವ್ರು ಬದುಕವ್ರೆ ಮಾವ. ನನ್ ತಮ್ಮ ನೋಡವ್ನೆ. ದೇವ್ರನ್ನೇ ನಂಬದೋನು, ಸುಳ್ಳು ಏಳ್ತಾನಾ?”

ಮುದುಕ ನನ್ನ ಮುಖ ನೋಡಿದರು. “ನಿಜಾನೇನಪ್ಪ?”

ನಾನು ಬೆಳಕಿನ ವಿಷಯ ವಿವರಿಸಬೇಕಿತ್ತು. “ಇನ್ನೊಂದು ವರ್ಷ ತಡೀರಿ ಮಾವ,” ಎಂದೆ. ಹಾಗೇಕೆ ಅಂದೆನೋ ಇವತ್ತಿಗೂ ತಿಳಿಯದು.

ಯುದ್ಧ ಮುಗಿಯಿತು. ಭಾವ ಬಂಗಾರಪೇಟೆಯಲ್ಲಿ ರೈಲಿಳಿದಾಗ ಮೂಳೆ ಚರ್ಮವಾಗಿದ್ದರು. ಚೇತರಿಸಿಕೊಂಡ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕೂತು ತಾವಾಗಿಯೇ ಹೇಳಿದರು: “ಸಿಂಗಾಪುರದಲ್ಲಿ ಜಪಾನ್ನೋರ ಸೆರೇಲಿದ್ದಾಗ ನಮ್ ಕೈಲಿ ಒಂದು ಅಡಗಿಗೆ ಪೆಟ್ರೋಲ್ ಪೀಪಾಯಿ ತುಂಬ್ಸಿದ್ರು ಕಣಪ್ಪ. ಮುಂದೆಲ್ಲ ಫಿರಂಗಿ, ಇಂದಕ್ಕೆ ನಮ್ ಕಣ ಇದ್ದಂಗೆ. ಊರಲ್ಲಿ ಈಗ ರಾಗಿ ತೂರ್ತಾ ಇರ್ತಾರಲ್ಲ ಅಂದ್ಕಂಡು ಉರುಳಿಸ್ತಿದ್ದೆ.”

ಅಕ್ಕನೇ ನನ್ನ ಮಾತನ್ನು ಅವರ ತಲೆಗೆ ತುಂಬಿರಬೇಕೆಂದು ಶಂಕಿಸಿದೆ. ಆದರೆ ಕೆಲವು ವರ್ಷಗಳ ನಂತರ ಬೆಂಗಳೂರಿನ ಗ್ರಂಥಾಲಯವೊಂದರಲ್ಲಿ ಯುದ್ಧನೌಕೆಗಳ ಪುಸ್ತಕ ಸಿಕ್ಕಿತು. ವಿಮಾನದ ಹಡಗುಗಳು ಸಾಲದೆ, ಜಪಾನಿನವರು ಎರಡು ಹಳೆಯ ಹಡಗುಗಳ ಹಿಂಬದಿಯ ಫಿರಂಗಿ ಕಿತ್ತು ಚಪ್ಪಟೆ ಅಟ್ಟ ಹಾಸಿದ್ದರಂತೆ. ಚಿತ್ರವೂ ಇತ್ತು. ಅದೇ ಹಡಗು.

ಆಗ ಹೊಸ ಅನುಮಾನ ಹುಟ್ಟಿತು. ಟವಲನ್ನು ನನ್ನ ಮನಸ್ಸು ಭಾವನ ನೆನಪಿನಿಂದ ಕಟ್ಟಿರಬಹುದು. ಹಡಗನ್ನು? ಅಂದು ನಾನು ನಿಜವಾಗಿ ಕಂಡದ್ದು ಬರೀ ಗುಡ್ಡವೇ ಇದ್ದು, ಫಿರಂಗಿಗಳನ್ನು ಆಮೇಲೆ ಸೇರಿಸಿಕೊಂಡೆನೇ? ತಡೆಯಲಾರದೆ ಹಳ್ಳಿಗೆ ಹೋಗಿ ಅಕ್ಕನನ್ನು ಕೇಳಿದೆ, ನಿನಗೆ ಆ ದಿನ ಏನು ಕಂಡಿತು ಎಂದು.

“ನಂಗೆ ಗುಡ್ಡ ಕಾಣಿಸ್ತು. ಅಡಗು ಕಂಡಿದ್ದು ನಿಂಗೆ,” ಎಂದಳು. “ಇಂಥದ್ದು ಲೋಕದಲ್ಲೇ ಇಲ್ಲ ಅಂತ ನಿನ್ ಬಾಯಲ್ಲೇ ಬಂತು. ಅದಕ್ಕೇ ನಂಬಿದೆ. ಇಲ್ದೇ ಇರೋದು ಅಂತ ಗೊತ್ತಿದ್ದೋನು ಅದನ್ನ ಎಂಗ್ಲಾ ಕಟ್ಟಿ ಏಳ್ತಾನೆ?”

ಸುಗ್ಗಿಗೆ ಹೋದಾಗಲೆಲ್ಲ ಹೊತ್ತಿಳಿಯುವಾಗ ಕಣದಲ್ಲಿ ನಿಂತು ನೋಡುತ್ತೇನೆ. ಗುಡ್ಡ ಗುಡ್ಡವಾಗಿಯೇ ಇರುತ್ತದೆ. ಬೆನ್ನ ಹಿಂದೆ, ಮೊರ ಆಡಿದಂತೆಲ್ಲ ಅಕ್ಕನ ಬಳೆಗಳು ಸದ್ದು ಮಾಡುತ್ತವೆ.