ಬುಟ್ಟಿ ತೆರೆಯುವ ಮುನ್ನ ಕೈ ಕಟ್ಟಿ

ಕೆನಾ ಸೀಮೆಯ ಶಾಲೆಗಳಲ್ಲಿ ವಿಜ್ಞಾನವನ್ನು ಬೋಧಿಸಿ ಕೀರ್ತಿ ಗಳಿಸಿದವರು ಹಲವರಿದ್ದಾರೆ. ಕಪ್ಪುಹಲಗೆಯ ಮೇಲೆ ಹಾವಿನ ಚಿತ್ರ ಬರೆಯಲು ಹೋಗಿ, ಬಾಲ ಹಲಗೆಯಲ್ಲಿ ಹಿಡಿಸದೆ ಗೋಡೆಗೂ ಹರಿಸಿದ ಉತ್ಸಾಹಿಗಳೂ ಇದ್ದಾರೆ. ಆದರೆ ತಾವು ಸಾಕಿದ ಹಾವನ್ನೇ ಖರ್ಜೂರದ ಗರಿಯ ಬುಟ್ಟಿಯಲ್ಲಿಟ್ಟು ಶಾಲೆಗೆ ತಂದು, ಭಯವಿದ್ದಲ್ಲಿ ಅರಿವನ್ನೂ ಭಂಡಧೈರ್ಯವಿದ್ದಲ್ಲಿ ಅಂಕೆಯನ್ನೂ ನೆಟ್ಟವರು ನಾನು ಕಂಡಂತೆ ಒಬ್ಬರೇ. ಅವರೇ ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ಇನ್ಶಿರಾಹ್ ಅಬ್ದುಲ್ ಮೌಜೂದ್ ಅವರು. ಮಕ್ಕಳಿಗೂ, ಮಕ್ಕಳ ತಂದೆತಾಯಿಗೂ, ವಯಸ್ಸಿನಲ್ಲಿ ಅವರಿಗಿಂತ ಹಿರಿಯನಾದ ನನಗೂ ಅವರು ‘ಅಬ್ಲಾ’, ಎಂದರೆ ಅಕ್ಕ.

ಅದೇ ಶಾಲೆಯಲ್ಲಿ ಅರಬ್ಬಿ ವ್ಯಾಕರಣ ಕಲಿಸುತ್ತಿದ್ದ ನನಗೆ ಹಾವೆಂದರೆ ಪ್ರಾಣಭಯ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಏಕೆಂದರೆ ಊರಿಗೆಲ್ಲ ಗೊತ್ತಿದ್ದ ಸಂಗತಿಗೆ ನಾಚುವುದು ವ್ಯರ್ಥ. ಆದರೆ ಅಬ್ಲಾ ಒಮ್ಮೆಯೂ ನನ್ನನ್ನು ನಗೆಪಾಟಲು ಮಾಡಲಿಲ್ಲ. ಬುಟ್ಟಿ ಹಿಡಿದು ಪಡಸಾಲೆ ದಾಟುವಾಗಲೆಲ್ಲ ನನ್ನ ತರಗತಿಯ ಬಾಗಿಲನ್ನು ಮೆಲ್ಲಗೆ ತಟ್ಟಿ, “ಬಸೀಮಾ ಹೊಂಟಾಳ್ರಿ ಗುರುಗಳ, ಸ್ವಲ್ಪ ಹೊತ್ತು ಹೊರಗ ಬರಬ್ಯಾಡ್ರಿ” ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ಅಷ್ಟು ವರ್ಷಗಳಲ್ಲಿ ಈ ಸೌಜನ್ಯವನ್ನು ಅವರು ಒಂದು ದಿನವೂ ಮರೆತದ್ದಿಲ್ಲ.

ಬಸೀಮಾ ಎಂಬುದು ಅವರ ಮಣ್ಣುಮುಕ್ಕ ಹಾವಿನ ಹೆಸರು. ವಿಷವಿಲ್ಲದ, ದಪ್ಪನೆಯ, ಮರಳಿನಲ್ಲಿ ಹುದುಗಿ ನಿದ್ದೆ ಹೊಡೆಯುವುದನ್ನೇ ಕಾಯಕ ಮಾಡಿಕೊಂಡ ಪ್ರಾಣಿ. ಅದರ ಬಾಯಿಯ ಗೆರೆ ಸದಾ ಮುಗುಳ್ನಕ್ಕಂತೆ ಕಾಣುತ್ತಿದ್ದುದರಿಂದ ‘ನಗುಮೊಗದವಳು’ ಎಂಬರ್ಥದ ಈ ಹೆಸರನ್ನು ಮಕ್ಕಳೇ ಆರಿಸಿದ್ದರು. ಅಬ್ಲಾ ತಮ್ಮ ಸೇವೆಯ ಮೊದಲ ವರ್ಷಗಳಲ್ಲೇ ಈ ಪಾಠ ಆರಂಭಿಸಲು ಕಾರಣವಿತ್ತು. ನಮ್ಮ ಎಲ್ ಸಂತಾ ಹಳ್ಳಿಯ ಒಂದು ಬದಿ ಕಬ್ಬಿನ ಗದ್ದೆ, ಇನ್ನೊಂದು ಬದಿ ಮರಳುಗಾಡು. ಹಾವು ಎರಡೂ ಕಡೆಯಿಂದ ಬರುತ್ತಿತ್ತು. ಮಕ್ಕಳು ಕಂಡದ್ದಕ್ಕೆಲ್ಲ ಕಲ್ಲೆಸೆಯುತ್ತಿದ್ದರು, ಇಲ್ಲವೆ ಕೈ ಹಾಕುತ್ತಿದ್ದರು. ವರ್ಷಕ್ಕೊಂದಾದರೂ ಎಳೆಯ ಜೀವ ಮಣ್ಣು ಸೇರುತ್ತಿತ್ತು.

ಅಬ್ಲಾ ಪಾಠಕ್ಕೆ ಒಂದೇ ಕಟ್ಟಳೆ. ಬುಟ್ಟಿಯ ಮುಚ್ಚಳ ತೆರೆಯುವ ಮೊದಲು ಅವರು “ಕೈ ಕಟ್ರಿ!” ಎನ್ನುವರು. ಮಕ್ಕಳೆಲ್ಲ ಎದೆಯ ಮೇಲೆ ಕೈಕಟ್ಟಿ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಈ ಮಾತು ನಮ್ಮ ನಾಡಿನ ಶಾಲೆಗಳಿಗೆ ಹೊಸತೇನಲ್ಲ. ಗದ್ದಲವಡಗಿಸಲು ನಾವೆಲ್ಲ ದಿನವಿಡೀ ಅದನ್ನೇ ಅರಚುವವರು. ನಾವು ಮಕ್ಕಳ ಬಾಯಿ ಮುಚ್ಚಿಸಲು ಬಳಸಿದ ಮಾತನ್ನು ಅಬ್ಲಾ ಮಕ್ಕಳ ಜೀವ ಉಳಿಸಲು ಬಳಸಿದರು. ಹಾವು ಯಾವುದೆಂದು ಗುರುತಿಸಿ, ಅಬ್ಲಾ ಅಪ್ಪಣೆ ಸಿಕ್ಕ ಮೇಲಷ್ಟೇ ಎರಡು ಬೆರಳಿನಿಂದ ಬಸೀಮಾಳ ಬೆನ್ನು ಮುಟ್ಟಬಹುದಿತ್ತು.

ಎಲ್ಲರೂ ಕಲಿತರು, ಒಬ್ಬಳು ಮಾತ್ರ ಕಲಿಯಲಿಲ್ಲ. ಅವಳು ಜಮ್‌ಜಮ್, ಹಾವಾಡಿಗ ಶೇಖ್ ದಾಹಿಯವರ ಮೊಮ್ಮಗಳು. ರಿಫಾಈ ಎಂಬ ಸೂಫಿ ಪಂಥದ ಆ ಮನೆತನದಲ್ಲಿ ಕೂಸು ಹುಟ್ಟಿದ ಏಳನೆಯ ದಿನ ಮಂತ್ರಿಸಿದ ಗುಟುಕನ್ನು ಕುಡಿಸುತ್ತಾರೆ; ಕುಡಿದವರನ್ನು ಹಾವು ಕಚ್ಚುವುದಿಲ್ಲವೆಂಬುದು ಊರಿನ ನಂಬಿಕೆ. ಹೀಗಾಗಿ ಅಬ್ಲಾ “ಕೈ ಕಟ್ರಿ” ಅಂದಾಗಲೇ ಜಮ್‌ಜಮ್ ಬುಟ್ಟಿಗೆ ಕೈ ಹಾಕುತ್ತಿದ್ದಳು. “ಅದು ಈ ಹೆದರುಪುಕ್ಕಲರಿಗೆ ಹೇಳ್ರಿ ಅಬ್ಲಾ, ನನಗ್ಯಾಕ?” ಎಂದು ಎದುರಾಡುತ್ತಿದ್ದಳು. ಮುಖ್ಯೋಪಾಧ್ಯಾಯರಿಗೆ ದಿಗಿಲಾಯಿತು. ಈ ಹುಡುಗಿಗೆ ಎಲ್ಲಾದರೂ ಹಾವು ಕಚ್ಚಿದರೆ ದೂರು ಬರುವುದು ಬುಟ್ಟಿಯ ಮೇಲೇ. ಅವಳು ತಿದ್ದಿಕೊಳ್ಳದಿದ್ದರೆ ಪಾಠ ನಿಲ್ಲಿಸಿ ಎಂದು ಖಂಡತುಂಡವಾಗಿ ಹೇಳಿದರು. ಅಬ್ಲಾಗೆ ಪಾಠದ ಚಿಂತೆಗಿಂತ ಹುಡುಗಿಯ ಚಿಂತೆ ಹೆಚ್ಚಾಗಿತ್ತು.

ಅಂದು ಸಂಜೆ ಅವರು ಶೇಖ್ ದಾಹಿಯವರ ಮನೆಗೆ ಹೋದರು. ಜೊತೆಗೆ ನನ್ನನ್ನೂ ಕರೆದೊಯ್ದರು. ಹಾವಿನ ಗಡಿಗೆಗಳ ಸಾಲಿನ ಪಕ್ಕದಲ್ಲೇ ಕೂರಿಸಿದ್ದರಿಂದ ನಾನು ಕಾಲು ಮಡಚಿ ಬೆಂಚಿನ ಮೇಲೇರಿ, ಚಹಾ ಲೋಟ ಹಿಡಿದು ಕುಳಿತೆ.

“ನಮ್ಮ ಕೂಸಿಗೆ ಹಾವು ಕಚ್ಚೂದಿಲ್ಲ ಮಗಳ,” ಎಂದರು ಶೇಖ್. “ಗುಟುಕು ಕುಡಿಸೀನಿ. ನೀವು ಪುಸ್ತಕದ ಮಂದಿ, ನಾವು ವಚನದ ಮಂದಿ. ಹಾವಿಗೂ ನಮಗೂ ವಚನ ಐತಿ.”

ಅಬ್ಲಾ ಗುಟುಕು ಸುಳ್ಳೆಂದು ವಾದಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ.

“ವಚನ ಅಂದಮ್ಯಾಲ ಎರಡೂ ಕಡೆಯಿಂದ ಇರಬೇಕಲ್ರಿ ಅಜ್ಜಾರ,” ಎಂದರು. “ಇಕಿನ್ನ ಮುಟ್ಟೂದಿಲ್ಲ ಅಂತ ಹಾವು ಮಾತು ಕೊಟ್ಟೈತಿ, ಒಪ್ಪಿದ್ನಿ. ಹಾವಿಗೆ ಇಕಿ ಏನು ಮಾತು ಕೊಟ್ಟಾಳ್ರಿ?”

ಶೇಖ್ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಬಹಳ ಹೊತ್ತು ಕಲಕಿದರು. “ಕೂದಲು ಬೆಳ್ಳಗಾಗೂತನಕ ಹಾವು ಹಿಡದೀನಿ,” ಎಂದು ಕೊನೆಗೆ ನಕ್ಕರು. “ಇಂಥಾ ಪ್ರಶ್ನಿ ಯಾವ ಹಾವೂ ನನ್ನ ಕೇಳಿರಲಿಲ್ಲ ಬಿಡವಾ.” ಆಮೇಲೆ ಮೊಮ್ಮಗಳನ್ನು ಕರೆದು, ತಮ್ಮ ಮುಂದೆ ನಿಲ್ಲಿಸಿಕೊಂಡು, ಹಾವಿಗೆ ಕೈ ತಾಗಿಸುವುದಿಲ್ಲವೆಂದು ಅವಳಿಂದ ವಚನ ಹೇಳಿಸಿದರು. ಮರುದಿನದಿಂದ ತರಗತಿಯಲ್ಲಿ ಎಲ್ಲ ಮಕ್ಕಳೂ ಸರದಿಯಲ್ಲಿ ಬಸೀಮಾಳನ್ನು ಮುಟ್ಟುತ್ತಿದ್ದರೆ, ಹಾವಾಡಿಗರ ಮೊಮ್ಮಗಳೊಬ್ಬಳೇ ಕೈಕಟ್ಟಿ ರಾಣಿಯ ಗತ್ತಿನಲ್ಲಿ ನಿಂತಿರುತ್ತಿದ್ದಳು.

ಆ ವಚನಕ್ಕೆ ಪರೀಕ್ಷೆ ಬಂದದ್ದು ಮುಂದಿನ ವಸಂತದಲ್ಲಿ. ಊರೆಲ್ಲ ಉಪ್ಪುಮೀನು ತಿನ್ನುವ ವಸಂತದ ಹಬ್ಬ ಆಗಷ್ಟೇ ಮುಗಿದು, ತರಗತಿಯಲ್ಲಿ ಇನ್ನೂ ಅದರ ವಾಸನೆ ಸುಳಿದಾಡುತ್ತಿತ್ತು. ಹಾವಿನ ಪಾಠದ ಸುದ್ದಿ ಕೇಳಿ, ಅದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನಿಸಲು ರಾಜಧಾನಿಯಿಂದ ತಪಾಸಣಾಧಿಕಾರಿಯೊಬ್ಬರು ಬಂದಿದ್ದರು. ಮುಖ್ಯೋಪಾಧ್ಯಾಯರ ಬಲವಂತಕ್ಕೆ ನಾನೂ ಬಾಗಿಲ ಬಳಿ, ಓಡಲು ಅನುಕೂಲವಾಗುವಂತೆ ನಿಂತಿದ್ದೆ. ಮಕ್ಕಳ ಕಟ್ಟಿದ ಕೈಗಳನ್ನು ಕಂಡ ಅಧಿಕಾರಿಗಳು ಮುಖ ಸಿಂಡರಿಸಿದರು.

“ಏನಮ್ಮಾ ಇದು, ಹಳೇ ಕಾಲದ ಶಿಸ್ತು? ಮಕ್ಕಳು ಮುಟ್ಟಿ ನೋಡಿ ಕಲೀಬೇಕಲ್ವಾ?” ಎಂದರು.

ಅಷ್ಟರಲ್ಲಿ ತಡವಾಗಿ ಬಂದ ಜಮ್‌ಜಮ್, ಬಟ್ಟೆ ಕಟ್ಟಿದ ಗಿಣ್ಣಿನ ಗಡಿಗೆಯೊಂದನ್ನು ತಂದು ಹೆಮ್ಮೆಯಿಂದ ಮೇಜಿನ ಮೇಲಿಟ್ಟಳು. “ಬಸೀಮಾಗ ಗಂಡು ತಂದೀನಿ ಅಬ್ಲಾ!” ಎಂದಳು. ತರಗತಿ ಗೊಳ್ಳೆಂದಿತು. ಅಧಿಕಾರಿಗಳಿಗೂ ಖುಷಿಯಾಯಿತು. ಅವರು ತಾವೇ ಗಡಿಗೆಯ ಬಟ್ಟೆ ಬಿಚ್ಚಿ ಬಗ್ಗಿ ನೋಡಿದರು. ಒಳಗೆ ಮರಳಿನ ಬಣ್ಣದ, ಗಿಡ್ಡ ಹಾವೊಂದು ಸುರುಳಿ ಸುತ್ತಿಕೊಂಡಿತ್ತು. “ಓ, ಇದೂ ಮಣ್ಣುಮುಕ್ಕ ತಾನೆ? ಬನ್ನಿ, ನಾನೇ ಮುಟ್ಟಿ ತೋರಿಸ್ತೀನಿ” ಎಂದು ತೋಳು ಮಡಚಿದರು.

ಆಗ ಗಡಿಗೆಯಿಂದ ಬಾಣಲೆಯಲ್ಲಿ ಬೀಜ ಹುರಿದಂಥ ಚರಚರ ಸದ್ದು ಬಂತು. ಪಡಸಾಲೆಯಾಚೆ ಯಾರೋ ಅಡುಗೆ ಮಾಡುತ್ತಿದ್ದಾರೆಂದು ನಾನು ಭಾವಿಸಿದೆ. ಅಬ್ಲಾಗೆ ಮಾತ್ರ ಗೊತ್ತಾಯಿತು: ಮಣ್ಣುಮುಕ್ಕ ಹೀಗೆ ಮೈ ಉಜ್ಜಿ ಸದ್ದು ಮಾಡುವುದಿಲ್ಲ. ಅದು ತುರೈಶಾ, ಮರಳುಗಾಡಿನ ಕಡುವಿಷದ ಕೊಂಬಿನ ಮಂಡಲದ ಹಾವು. ಕಣ್ಣಿನ ಮೇಲೆ ಕೊಂಬಿದ್ದರೆ ಮಾತ್ರ ತುರೈಶಾ ಎಂದು ಊರೆಲ್ಲ ನಂಬಿದ್ದೆವು. ಕೊಂಬಿಲ್ಲದೆಯೂ ಅದು ಹುಟ್ಟುತ್ತದೆಂಬುದು ನಮಗೆ ತಿಳಿದಿರಲಿಲ್ಲ.

“ಕೈ ಕಟ್ರಿ!”

ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಮಕ್ಕಳು ಕೈಕಟ್ಟಿ ಹಿಂದೆ ಸರಿದರು. ಮುಖ್ಯೋಪಾಧ್ಯಾಯರು ಕೈಕಟ್ಟಿದರು. ನಾನೂ ಕಟ್ಟಿದೆ. ಗಡಿಗೆಯ ಬಾಯಿಯವರೆಗೂ ಹೋಗಿದ್ದ ಅಧಿಕಾರಿಗಳ ಕೈ, ಅವರೂ ಇದೇ ನಾಡಿನ ಶಾಲೆಯಲ್ಲಿ ಬೆಳೆದವರಾದ್ದರಿಂದ, ಯಜಮಾನನ ಅಪ್ಪಣೆಗೂ ಕಾಯದೆ ತಾನೇ ಹಿಂದಿರುಗಿ ಎದೆಯ ಮೇಲೆ ಕುಳಿತಿತು. ಅಬ್ಲಾ ಉದ್ದನೆಯ ಅಳತೆಪಟ್ಟಿಯಿಂದ ಬುಟ್ಟಿಯ ಮುಚ್ಚಳವನ್ನು ಗಡಿಗೆಯ ಮೇಲೆ ಸರಿಸಿ, ದಪ್ಪ ನಿಘಂಟೊಂದನ್ನು ಹೇರಿದರು. ನಿಘಂಟು ನನ್ನದು, ನನ್ನ ವಿಷಯವೂ ಒಂದು ಜೀವ ಉಳಿಸಿತೆಂದು ಇಂದಿಗೂ ಬೀಗುತ್ತೇನೆ.

ಆಮೇಲೆ ಅಬ್ಲಾ ಮೊಣಕಾಲೂರಿ ಜಮ್‌ಜಮ್‌ಳ ಎರಡೂ ಕೈಗಳನ್ನು ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು. “ಮುಟ್ಟಿದ್ಯೇನ? ಖರೇ ಹೇಳು.”

“ಇಲ್ರಿ ಅಬ್ಲಾ. ವಚನ ಐತಲ್ಲ!” ಹುಡುಗಿಗೆ ಆ ಪ್ರಶ್ನೆಯೇ ಅವಮಾನವೆನಿಸಿತ್ತು. “ಗಡಿಗಿ ಅಡ್ಡ ಇಟ್ನಿ, ಅಜ್ಜನ ಉದ್ದ ಕೋಲಿಲೆ ದೂಡಿದ್ನಿ, ತಾನ ಹೊಕ್ಕೊಂತು.”

ಅಬ್ಲಾ ಅವಳನ್ನು ಎದೆಗವಚಿಕೊಂಡು ಅತ್ತುಬಿಟ್ಟರು. ಹಳೆಯ ಜಮ್‌ಜಮ್ ಆಗಿದ್ದರೆ ಅದನ್ನು ಮರಳಿನಿಂದಲೇ ಬರಿಗೈಯಲ್ಲಿ ಎತ್ತಿರುತ್ತಿದ್ದಳು. ಇನ್ನೂ ಕೈಕಟ್ಟಿಯೇ ನಿಂತಿದ್ದ ಅಧಿಕಾರಿಗಳು ಮೆಲ್ಲಗೆ ಕೇಳಿದರು: “ಅಬ್ಲಾ, ಇನ್ನು ಕೈ ಬಿಡಬಹುದಾ?”

ಪಾಠ ನಿಲ್ಲಲಿಲ್ಲ. ಶೇಖ್ ದಾಹಿ ಬಂದು ತುರೈಶಾವನ್ನು ಮರಳುಗಾಡಿಗೆ ಬಿಟ್ಟರು. ಅಬ್ಲಾ ಸುತ್ತಲಿನ ಹಳ್ಳಿಗಳಿಗೂ ಹೋಗತೊಡಗಿದರು. ತೊಡೆಯ ಮೇಲೆ ಬುಟ್ಟಿಯಿಟ್ಟುಕೊಂಡು ಅವರು ಮಿನಿ ಬಸ್ ಹತ್ತಿದರೆ ಅಕ್ಕಪಕ್ಕದ ಸೀಟುಗಳು ತಾವಾಗಿಯೇ ಖಾಲಿಯಾಗುತ್ತಿದ್ದವು. ಬಸೀಮಾ ಮುಪ್ಪಾಗಿ ಸತ್ತಾಗ ಮಕ್ಕಳು ಶಾಲೆಯ ಜಾಲಿ ಮರದಡಿ ಅವಳನ್ನು ಮಣ್ಣು ಮಾಡಿದರು. ಆ ಒಂದು ದಿನ ಬಸೀಮಾ ಪಡಸಾಲೆ ದಾಟುವಾಗ ನಾನು ಒಳಗೆ ಕೂರದೆ ಹೊರಗೆ ಬಂದೆ. ಇಂದು ನಮ್ಮೂರಿನ ಕಬ್ಬಿನ ಗದ್ದೆಯಲ್ಲಿ ಹಾವು ಕಂಡರೆ, ಮೀಸೆ ಹೊತ್ತ ಗಂಡಸರೂ ಕುಡುಗೋಲು ಬಿಟ್ಟು ಕೈಕಟ್ಟಿ ಹಿಂದೆ ಸರಿದು ನಿಲ್ಲುತ್ತಾರೆ. ಹೊರಗಿನವರು ಇವರು ಹಾವಿಗೆ ನಮಾಜು ಮಾಡುತ್ತಿದ್ದಾರೆಯೇ ಎಂದು ನಗುತ್ತಾರೆ. ನಗಲಿ. ಜಮ್‌ಜಮ್ ಬುಟ್ಟಿಗೆ ಕೈ ಹಾಕುತ್ತಿದ್ದ ಆ ವರ್ಷದಿಂದೀಚೆಗೆ ನಮ್ಮ ಶಾಲೆಯ ಒಂದು ಮಗುವನ್ನೂ ನಾವು ಹಾವಿಗೆ ಕಳೆದುಕೊಂಡಿಲ್ಲ.

ಈಗ ಇನ್ನೊಂದು ಮಣ್ಣುಮುಕ್ಕ ಹಾವು ಮಲಗಿರುವ ಆ ಬುಟ್ಟಿಯನ್ನು ಮುಂದಿನ ವಾರದಿಂದ ಹಿಡಿಯುವವರು ನಮ್ಮ ಶಾಲೆಯ ಹೊಸ ವಿಜ್ಞಾನ ಶಿಕ್ಷಕಿ, ಜಮ್‌ಜಮ್ ಅಬ್ಲಾ. ಅವರು ಇಂದಿಗೂ ಹಾವನ್ನು ಮುಟ್ಟುವುದಿಲ್ಲ, ಕೋಲಿನಿಂದಲೇ ಎತ್ತುತ್ತಾರೆ. ಹಿರಿಯ ಅಬ್ಲಾಗೆ ದೇವರು ತುಂಬು ಆಯುಷ್ಯವನ್ನೂ, ಹಳ್ಳಿಹಳ್ಳಿ ತಿರುಗುವ ಕಾಲ್ಬಲವನ್ನೂ ಕೊಡಲಿ. ಕಿರಿಯರ ಪಾಠದಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಹುಡುಕುವ ಸುಖ ಅವರಿಗೆ ಬಹುಕಾಲ ದೊರೆಯಲಿ. ಈ ಅಭಿನಂದನ ಗ್ರಂಥವನ್ನು ಅವರ ಕೈಗಿಡುವ ದಿನ ಸೇರುವ ಬಂಧುಗಳಲ್ಲಿ ನನ್ನದೊಂದೇ ಬಿನ್ನಹ. ಅವರು ವೇದಿಕೆ ಏರಿದಾಗ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಎಲ್ಲರೂ ಎದ್ದು ನಿಂತು, ಕೈ ಕಟ್ಟಿ.