ಸೀಸೆಯೊಳಗಿನ ಬಿಳಿ ಕಣ

ಪುಟ್ಟಮ್ಮ ಇಂಜೆಕ್ಷನ್ ಸೀಸೆಯನ್ನು ಕಪ್ಪು ಹಲಗೆಯ ಮುಂದೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಔಷಧಿಯೊಳಗೆ ಬಿಳಿಯ ಕಣವೊಂದು ತೇಲಿತು. ಅದೇ ತಟ್ಟೆಯ ಇನ್ನೂ ಹತ್ತಾರು ಸೀಸೆಗಳಲ್ಲಿ ಅದೇ ಕಥೆ.

ಎಪ್ಪತ್ತರ ದಶಕದಲ್ಲಿ, ರಾಜಾಜಿನಗರದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿ ನನಗದು ಮೊದಲ ವಾರ. ಸೀಸೆ ತೊಳೆಯುವ ಹೆಂಗಸರು ಗಾಜಿನ ಪುಡಿ ಉಳಿಸಿದ್ದಾರೆಂದು ಆಗಲೇ ವರದಿ ಬರೆಯತೊಡಗಿದ್ದೆ. ಕಾಮಾಕ್ಷಿಪಾಳ್ಯದಿಂದ ನಡೆದು ಬರುತ್ತಿದ್ದ ಪುಟ್ಟಮ್ಮನಿಗೆ ದಿನವಿಡೀ ಸೀಸೆ ಪರೀಕ್ಷಿಸುವುದೇ ಕೆಲಸ. ಅವರು ನನ್ನ ಹಣೆಯನ್ನೇ ನೋಡುತ್ತಿದ್ದರು.

"ಗಾಜಾದ್ರೆ ಮಿಂಚತ್ತೆ ಸಾರ್, ಇದು ಮಿಂಚ್ತಾ ಇಲ್ಲ. ಔಷಧಿ ತುಂಬೋ ರೂಮಲ್ಲಿ ನೀವು ಟೋಪಿ ಎತ್ತಿ ಬೆವರು ಒರೆಸ್ಕೊಂಡಿದ್ದು ಕಿಟಕೀಲಿ ನೋಡ್ದೆ. ನಿಮ್ಮ ವಿಭೂತಿ ಇರ್ಬೇಕು."

ಕನ್ನಡಿ ನೋಡಿದೆ. ಬೆಳಗಿನ ಪೂಜೆಯಲ್ಲಿ ಹಚ್ಚಿದ್ದ ಮೂರು ಪಟ್ಟೆಗಳಲ್ಲಿ ಒಂದೂವರೆ ಉಳಿದಿತ್ತು. ವರದಿಯನ್ನು ಹರಿದು ಹೊಸದು ಬರೆದೆ. ಕಾರಣ ಎಂಬಲ್ಲಿ ನನ್ನ ಹೆಸರು ಹಾಕಿದೆ. ಆ ದಿನದ ಔಷಧಿಯೆಲ್ಲ ಚರಂಡಿಗೆ ಹೋಯಿತು, ನನ್ನ ಕೆಲಸ ಹೇಗೋ ಉಳಿಯಿತು.

ಅಂದಿನಿಂದ ನಿವೃತ್ತಿಯವರೆಗೆ, ಕೆಲಸದ ದಿನಗಳಲ್ಲಿ ವಿಭೂತಿ ಹಚ್ಚಿದ್ದು ಸಂಜೆ ಮನೆಗೆ ಬಂದ ಮೇಲೆಯೇ. ಇವತ್ತಿಗೂ ಇನ್ನೊಬ್ಬರ ತಪ್ಪು ಹೇಳಲು ಬಾಯಿ ತೆರೆದರೆ, ಕೈ ತಾನಾಗಿ ಹಣೆ ಮುಟ್ಟಿಕೊಳ್ಳುತ್ತದೆ.